ಕೌದಿ ಒಣಗುವ ಜಾಗದಲ್ಲಿ ಮೂರು ಪ್ಯಾನೆಲ್

ತಳೇಗಾಂವ ದಾಭಾಡೆಗೆ ಬಂದ ಐದನೆಯ ದಿನ, ಬೆಳಿಗ್ಗೆ ಒಂಬತ್ತಕ್ಕೆ, ಊರು ನಿಂತುಹೋಯಿತು.

ಮೊದಲು ತಲೆಯ ಮೇಲಿನ ಫ್ಯಾನು ನಿಂತಿತು. ಆಮೇಲೆ ಎದುರಿನ ಹಿಟ್ಟಿನ ಗಿರಣಿಯ ಸದ್ದು. ಕಿಟಕಿಯಿಂದ ಬಗ್ಗಿ ನೋಡಿದೆ. ಹಿಂದಿನ ನಾಲ್ಕು ದಿನ ಆ ಹೊತ್ತಿಗೆ ಕಾರ್ಖಾನೆಯ ಬಸ್ಸುಗಳು ಸಾಲುಗಟ್ಟುತ್ತಿದ್ದ ರಸ್ತೆಯಲ್ಲಿ ಎರಡು ನಾಯಿಗಳು ಮಲಗಿದ್ದವು. ಕಿರಾಣಿ ಅಂಗಡಿಯ ಷಟರ್ ಇಳಿದಿತ್ತು. ಗಂಡಸರು ಬನಿಯನ್ನಿನಲ್ಲೇ ಗೇಟಿನ ಬಳಿ ನಿಂತು ಹರಟುತ್ತಿದ್ದರು. ನಮ್ಮ ಮನೆಯವರು ಗ್ಯಾಸಿನ ಕಾಗದಪತ್ರಕ್ಕೆಂದು ಬೆಳಗಿನ ರೈಲಿಗೇ ಪುಣೆಗೆ ಹೋಗಿದ್ದರು. ಕೇಳೋಣವೆಂದರೆ ಮನೆಯಲ್ಲಿ ಯಾರೂ ಇರಲಿಲ್ಲ.

ಹುಬ್ಬಳ್ಳಿಯ ಪತ್ರಿಕೆಯೊಂದರ ಡೆಸ್ಕಿನಲ್ಲಿ ಹನ್ನೊಂದು ವರ್ಷ ಕೂತವಳಿಗೆ ಇದಕ್ಕೆಲ್ಲ ಇದ್ದದ್ದು ಒಂದೇ ಅರ್ಥ. ಸಂಪಾದಕರಾದ ದೇಸಾಯಿ ಸರ್‌ಗೆ ಫೋನ್ ಹಚ್ಚಿದೆ.

"ಸರ್, ಇಲ್ಲೆ ಬಂದ್ ಆಗ್ಯದ್ರಿ. ಕಾರ್ಖಾನಿ, ಅಂಗಡಿ, ಕರೆಂಟ್, ಎಲ್ಲಾ ಬಂದ್."

"ಯಾರು ಕರೆ ಕೊಟ್ಟಾರ?"

"ಇನ್ನೂ ಗೊತ್ತಾಗಿಲ್ರಿ."

"ಗೊತ್ತ ಮಾಡಕೊಂಡು ಫೋನ್ ಮಾಡ್ರಿ ಶೋಭಾ. ಕಿಟಕ್ಯಾಗಿನ ಸುದ್ದಿ ಹಾಕಾಕ ಬರೂದಿಲ್ಲ."

ಕೆಳಗಿಳಿದೆ. ಕೆಳಗಿನ ಮನೆಯ ಮೆಟ್ಟಿಲ ಮೇಲೆ ಅರವತ್ತರ ಆಸುಪಾಸಿನ ಹೆಂಗಸು ಮೊರದಲ್ಲಿ ಬೇಳೆ ಹಸನು ಮಾಡುತ್ತಿದ್ದರು. ಕಟ್ಟಡದ ಆರೂ ಮನೆಗಳಿಗೆ ಅವರು ಮಾಲತಿ ಕಾಕು; ಕಾಕು ಅಂದರೆ ಮರಾಠಿಯಲ್ಲಿ ಚಿಕ್ಕಮ್ಮ. ರೈಲಿನಲ್ಲಿ ಕಲಿತ ಎರಡು ಪದ ಜೋಡಿಸಿ ಕೇಳಿದೆ: "ಕಾಯ್ ಝಾಲಂ?" ಏನಾಯಿತು?

ಕಾಕು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಕಾಯ್ ಝಾಲಂ ಮ್ಹಣಜೇ? ಗುರುವಾರ ಆಹೆ!" ಏನಾಯಿತು ಅಂದರೆ? ಗುರುವಾರ!

ಮೇಲೆ ಬಂದು ಮತ್ತೆ ಫೋನ್ ಮಾಡಿದೆ. "ಸರ್, ಬಂದ್ ಅಲ್ರಿ. ಗುರುವಾರ."

"ಇಲ್ಲೂ ಗುರುವಾರನ ಅದ," ಅಂದರು ದೇಸಾಯಿ ಸರ್.

ನಮ್ಮ ಕಡೆ ವಾರದ ರಜೆ ಭಾನುವಾರ ಬರುತ್ತದೆ. ಪಿಂಪ್ರಿ-ಚಿಂಚವಾಡದಿಂದ ತಳೇಗಾಂವದವರೆಗಿನ ಈ ಪಟ್ಟಿಯಲ್ಲಿ ಅನೇಕ ಕಾರ್ಖಾನೆಗಳಿಗೆ ಅದು ಗುರುವಾರ. ಕಾರ್ಖಾನೆ ನಿಂತ ದಿನವೇ ವಿದ್ಯುತ್ ತಂತಿಗಳ ದುರಸ್ತಿಗೂ ಅನುಕೂಲ. ಆದ್ದರಿಂದ ನಮ್ಮ ಕಾಲೊನಿಯಲ್ಲಿ ಬಹಳಷ್ಟು ಗುರುವಾರಗಳಂದು ಬೆಳಿಗ್ಗೆ ಒಂಬತ್ತಕ್ಕೆ ಹೋದ ಕರೆಂಟು ಸಂಜೆ ಐದಕ್ಕೆ ಬರುತ್ತದೆ. ಇಲ್ಲಿಯವರು ಅದರ ಸುತ್ತಲೇ ಬದುಕು ಹೊಂದಿಸಿಕೊಂಡಿದ್ದಾರೆ: ಬುಧವಾರವೇ ಹಿಟ್ಟು ಬೀಸಿಸುತ್ತಾರೆ, ಗುರುವಾರ ಮಧ್ಯಾಹ್ನ ನಿದ್ದೆ ಮಾಡುತ್ತಾರೆ. ನನಗೆ ಮಾತ್ರ ಗುರುವಾರ ನಿದ್ದೆ ಮಾಡುವ ದಿನವಾಗಿರಲಿಲ್ಲ.

ನಮ್ಮ ಮನೆಯವರಿಗೆ ಇಲ್ಲಿನ ಗೇರ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಾಗ ನಾನು ರಾಜೀನಾಮೆ ಬರೆದಿದ್ದೆ. ದೇಸಾಯಿ ಸರ್ ಅದನ್ನು ಅರ್ಧ ಮಾತ್ರ ಒಪ್ಪಿದರು. ಶನಿವಾರದ ಪುರವಣಿಯ ಒಂದು ಪುಟವನ್ನು ನಾನು ಎಲ್ಲಿದ್ದರೂ ಮಾಡಿ ಕಳಿಸಬಹುದು. ಓದುಗರ ಬರಹ ಆರಿಸುವುದು, ತಿದ್ದುವುದು, ಶೀರ್ಷಿಕೆ ಕೊಡುವುದು, ಪುಟ ಕಟ್ಟುವುದು ನನ್ನ ಪಾಲು. ಪುಟ ಅಚ್ಚಿಗೆ ಹೋಗುವುದು ಗುರುವಾರ ಸಂಜೆ ನಾಲ್ಕಕ್ಕೆ.

ಮನೆಯಲ್ಲಿ ಮಾಲೀಕರು ಬಿಟ್ಟುಹೋದ ಇನ್ವರ್ಟರ್ ಇತ್ತು. ಅದರ ಹಳೆಯ ಬ್ಯಾಟರಿ ಮಧ್ಯಾಹ್ನ ಒಂದೂವರೆಗೆ ಕೈ ಎತ್ತುತ್ತಿತ್ತು. ಬೇರೆ ದಿನಗಳಲ್ಲೂ ಕರೆಂಟು ಹೋಗಿಬಂದು ಮಾಡುತ್ತಿದ್ದುದರಿಂದ ಗುರುವಾರ ಬೆಳಿಗ್ಗೆ ಅದು ಪೂರ್ತಿ ತುಂಬಿರುವ ಖಾತ್ರಿಯೂ ಇರಲಿಲ್ಲ. ಮೊದಲ ತಿಂಗಳಲ್ಲಿ ಎರಡು ಸಲ ಪುಟ ತಡವಾಯಿತು.

"ನಿಮ್ಮ ಮ್ಯಾಲೆ ಸಿಟ್ಟಿಲ್ಲ," ಅಂದರು ದೇಸಾಯಿ ಸರ್. "ಮೂರನೇ ಸಲ ಆತಂದ್ರ ಪುಟ ಇಲ್ಲೇ ಯಾರಿಗರೆ ಕೊಡಬೇಕಾಗ್ತದ. ಪ್ರೆಸ್ ಯಾರನೂ ಕಾಯೂದಿಲ್ಲ."

ಅವರು ಹೇಳಿದ್ದು ನ್ಯಾಯವಾಗಿತ್ತು. ಆದರೆ ಆ ಒಂದು ಪುಟ ಹೋದರೆ ನನ್ನ ಬಳಿ ಏನು ಉಳಿಯುತ್ತದೆ ಎಂದು ಆ ದಿನ ಲೆಕ್ಕ ಹಾಕಿದೆ. ಹುಬ್ಬಳ್ಳಿಯಲ್ಲಿ ಬೆಳಗಿನ ಹಾಲಿನವನಿಂದ ಹಿಡಿದು ಆಟೋದವನವರೆಗೆ ಎಲ್ಲರೊಡನೆ ನನ್ನ ಭಾಷೆ ನಡೆಯುತ್ತಿತ್ತು. ಇಲ್ಲಿ ನಮ್ಮ ಮನೆಯವರು ಮೊದಲ ಪಾಳಿಗೆ ಹೋದ ಮೇಲೆ ಅವರು ಮರಳುವವರೆಗೆ ನನ್ನ ಬಾಯಿಂದ ಒಂದು ಕನ್ನಡ ವಾಕ್ಯವೂ ಹೊರಡದ ದಿನಗಳಿದ್ದವು. ಮಾರುಕಟ್ಟೆಯಲ್ಲಿ ಬೆರಳು ತೋರಿಸಿ ಬದನೆಕಾಯಿ ಕೊಂಡೆ. ಜೋಳದ ಹಿಟ್ಟು ಸಿಗುತ್ತದೆ, ಜೋಳದ ರೊಟ್ಟಿಯೂ ಸಿಗುತ್ತದೆ, ಆದರೆ ಅದು ಭಾಕರಿ. ನಮ್ಮ ರೊಟ್ಟಿಯ ಎರಡರಷ್ಟು ದಪ್ಪ. ಕಟಕ್ ಎಂದು ಮುರಿಯುವ ರೊಟ್ಟಿ ತೋರಿಸಿದಾಗ ಕಾಕು, "ಇದು ರೊಟ್ಟಿಯೋ ಹಪ್ಪಳವೋ?" ಎಂದಿದ್ದರು. ಇಂಥದ್ದರ ನಡುವೆ ವಾರದಲ್ಲಿ ಎರಡು ದಿನ ಗದಗ, ಇಳಕಲ್ಲು, ಸವದತ್ತಿಯ ಜನರ ಬರಹಗಳೊಂದಿಗೆ ಕೂತು ಅವರ ವಾಕ್ಯ ನೆಟ್ಟಗೆ ಮಾಡುವುದೇ ನಾನು ಊರಿಗೆ ಹೋಗಿಬರುವ ದಾರಿಯಾಗಿತ್ತು.

ಮಾರ್ಚ್, ಏಪ್ರಿಲ್‌ನ ಗುರುವಾರಗಳಂದು ಲೋಕಲ್ ರೈಲು ಹತ್ತಿ ಪಿಂಪ್ರಿಗೆ ಹೋದೆ. ಅಲ್ಲಿ ನಮ್ಮ ಮನೆಯವರ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಜನರೇಟರ್ ಇತ್ತು. ಅಡುಗೆಮನೆಯ ಮೇಜಿನ ಮೇಲೆ, ಒಂದು ಕಡೆ ಕೊತ್ತಂಬರಿ ಕಟ್ಟು, ಇನ್ನೊಂದು ಕಡೆ ನನ್ನ ಲ್ಯಾಪ್‌ಟಾಪ್. ಜೂನ್‌ನಲ್ಲಿ ಅವರಿಗೆ ಚೆನ್ನೈಗೆ ವರ್ಗವಾಗಲಿದೆ ಎಂದು ಆಗಲೇ ಗೊತ್ತಾಯಿತು. ಮಳೆಗಾಲದ ಹೊತ್ತಿಗೆ ನನ್ನ ಮನೆಯಲ್ಲೇ ದಾರಿ ಮಾಡಿಕೊಳ್ಳಬೇಕಿತ್ತು.

ದಾರಿ ಸಿಕ್ಕಿದ್ದು ಜೇಜುರಿಯಲ್ಲಿ. ಖಂಡೋಬನ ದರ್ಶನದ ಸಾಲಿನಲ್ಲಿ ನಿಂತಿದ್ದಾಗ ನಮ್ಮ ಹಿಂದೆ ಯಾರೋ, "ಏ, ಚಪ್ಪಲಿ ಎಲ್ಲಿಟ್ಟಿದಿ?" ಎಂದು ಕನ್ನಡದಲ್ಲಿ ಗದರಿದರು. ನಾನು ತಿರುಗಿ ನೋಡಿದ ರಭಸಕ್ಕೆ ಆ ಮನುಷ್ಯ ಗಾಬರಿಯಾದರು. ಜಮಖಂಡಿ ಕಡೆಯ ಮಲ್ಲಪ್ಪ. ಇಪ್ಪತ್ತು ವರ್ಷದಿಂದ ಚಿಂಚವಾಡದಲ್ಲಿ ಬ್ಯಾಟರಿ ಅಂಗಡಿ, ಈಚೆಗೆ ಸೋಲಾರ್ ಪ್ಯಾನೆಲ್ ಕೂಡಿಸುವ ಕೆಲಸ. ನನ್ನ ಗುರುವಾರದ ಕಥೆ ಕೇಳಿ ಅವರು ಭಂಡಾರದ ಅರಿಸಿನ ಹತ್ತಿದ ಹಣೆ ಉಜ್ಜಿಕೊಂಡು ಹೇಳಿದರು: "ಅಕ್ಕಾರ, ನಿಮ್ಮ ಲೈಟ್ ಹೋಗೂದು ಹಗಲೊತ್ತಿನ್ಯಾಗ. ಅದ ಹೊತ್ತಿಗೆ ಮಾಳಗಿ ಮ್ಯಾಲೆ ಸೂರ್ಯಾ ಖಾಲಿ ಕುಂತಿರ್ತಾನ. ಅವಗ ಕೆಲಸ ಹಚ್ಚರಿ."

ಮುಂದಿನ ರವಿವಾರ ಮಲ್ಲಪ್ಪಣ್ಣ ಮನೆಗೆ ಬಂದರು. ನಾನು ಪ್ಯಾನೆಲ್ ಎಷ್ಟು ಬೇಕೆಂದು ಕೇಳಿದೆ. ಅವರು ಆ ಪ್ರಶ್ನೆಯನ್ನೇ ತಳ್ಳಿಹಾಕಿದರು.

"ಅದು ಕಡೀ ಮಾತು. ಮೊದಲ, ಗುರುವಾರ ಮನ್ಯಾಗ ಏನೇನು ಓಡತದ ಬರೀರಿ. ಯಾವುದು ಎಷ್ಟ ವ್ಯಾಟು, ಎಷ್ಟ ತಾಸು."

ಬರೆದೆ. ಲ್ಯಾಪ್‌ಟಾಪ್ ಅರವತ್ತು ವ್ಯಾಟು, ಎಂಟು ತಾಸು. ಇಂಟರ್ನೆಟ್ಟಿನ ಡಬ್ಬಿ ಹತ್ತು ವ್ಯಾಟು, ಎಂಟು ತಾಸು. ಎರಡು ಸಣ್ಣ ದೀಪ, ನಾಲ್ಕು ತಾಸು. ಫ್ಯಾನು ಎಪ್ಪತ್ತೈದು ವ್ಯಾಟು ಎಂದಾಗ ಅವರು ಪೆನ್ನು ತಡೆದರು. "ಈ ಫ್ಯಾನು ನಿಮ್ಮ ಲ್ಯಾಪ್‌ಟಾಪಿಗಿಂತ ಹೆಚ್ಚ ತಿಂತದ. ಪ್ಯಾನೆಲ್ ಹಚ್ಚೂಕಿಂತ ಮೊದಲ ಫ್ಯಾನು ಬದಲಿ ಮಾಡ್ರಿ." ಮೂವತ್ತು ವ್ಯಾಟಿಗಿಂತ ಕಡಿಮೆ ತಿನ್ನುವ ಹೊಸ ಫ್ಯಾನು ಬಂತು. ಒಟ್ಟು ಸುಮಾರು ಒಂಬತ್ತು ನೂರು ವ್ಯಾಟ್-ತಾಸು.

ಬ್ಯಾಟರಿಯಲ್ಲಿ ತುಂಬುವಾಗ ಒಂದಿಷ್ಟು, ಇನ್ವರ್ಟರಿನಲ್ಲಿ ಹಾದುಬರುವಾಗ ಒಂದಿಷ್ಟು ಸೋರಿಹೋಗುತ್ತದೆ. ಆದ್ದರಿಂದ ಒಂಬತ್ತು ನೂರು ಕೈಗೆ ಬರಬೇಕಾದರೆ ಪ್ಯಾನೆಲ್ ಸಾವಿರದ ನಾಲ್ಕು ನೂರು ಕೊಡಬೇಕು. ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಬರಿದು ಮಾಡಿದರೆ ಅದರ ಆಯಸ್ಸು ಕಡಿಮೆ. ಅದಕ್ಕೆ ಒಂದರ ಬದಲು ದೊಡ್ಡವು ಎರಡು. ಇನ್ನು ಪ್ಯಾನೆಲ್. ಅದರ ಮೇಲೆ ಮುನ್ನೂರ ಮೂವತ್ತು ವ್ಯಾಟು ಎಂದು ಬರೆದಿದ್ದರೆ ಮಲ್ಲಪ್ಪಣ್ಣ ಇನ್ನೂರ ಐವತ್ತೇ ಹಿಡಿಯುತ್ತಾರೆ. "ಧೂಳದ, ಕಾವದ, ವಾಯರದ. ಬರದದ್ದೆಲ್ಲಾ ಎಲ್ಲಿ ಸಿಗತದ್ರಿ?"

"ಈಗ ನೀವ ಹೇಳ್ರಿ," ಅಂದರು. "ನಿಮ್ಮ ಮಾಳಗಿ ಮ್ಯಾಲೆ ಬಿಸಿಲು ಎಲ್ಲಿ, ಎಷ್ಟ ತಾಸು?"

ಇದು ನನಗೆ ಗೊತ್ತಿರುವ ಕೆಲಸ. ಹದಿನೈದು ದಿನ, ಬೆಳಗಿನ ಎಂಟರಿಂದ ಸಂಜೆಯ ಐದೂವರೆವರೆಗೆ, ತಾಸಿಗೊಮ್ಮೆ ಮೇಲೆ ಹೋಗಿ ನೆರಳಿನ ಗಡಿ ಬರೆದುಕೊಂಡೆ. ಗಚ್ಚಿಯ ನಡುವೆ ಮೆಟ್ಟಿಲಿನ ಕೋಣೆ, ಅದರ ತಲೆಯ ಮೇಲೆ ನೀರಿನ ಟಾಕಿ. ಕೋಣೆಯ ಬಡಗು ಬದಿಯ ಜಾಗಕ್ಕೆ ದಿನವಿಡೀ ಒಂದು ಎಳೆ ನೆರಳೂ ಬೀಳಲಿಲ್ಲ. ಗಾಳಿಗೂ ಮರೆ. ಪಿಂಪ್ರಿಗೆ ಹೋದ ದಿನಗಳಲ್ಲಿ ನಮ್ಮ ಮನೆಯವರು ಬರೆದರು. ಅವರ ಬರಹದಲ್ಲಿ ಎರಡು ಕಡೆ "ಚಹಾಕ್ಕೆ ಇಳಿದಿದ್ದೆ" ಎಂದಿತ್ತು, ಅದನ್ನೂ ಹಾಗೇ ಉಳಿಸಿದೆ.

ವರದಿ ನೋಡಿ ಮಲ್ಲಪ್ಪಣ್ಣ ತಲೆದೂಗಿದರು. ಬೆಳಗು ಸಂಜೆಯ ಓರೆ ಬಿಸಿಲು ಅರ್ಧ ಲೆಕ್ಕ. ಎಲ್ಲ ಸೇರಿ ಐದೂವರೆ ತಾಸಿನ ಪೂರ್ಣ ಬಿಸಿಲು. ಒಂದು ಪ್ಯಾನೆಲ್ ಸಾಕು. ಮನೆಯ ಮಾಲೀಕರು ಫೋನಿನಲ್ಲೇ ಒಪ್ಪಿದರು. ಆದರೆ ಗಚ್ಚಿ ಆರು ಮನೆಗಳದ್ದು, ಆರು ಮನೆಗಳ ಪರವಾಗಿ ಮಾತಾಡುವುದು ಕಾಕು.

ಕಾಕು ಮೇಲೆ ಬಂದರು. ನಾನು ಸುಣ್ಣದಲ್ಲಿ ಗುರುತು ಮಾಡಿದ್ದ ಚೌಕ ನೋಡಿದರು. ಸೊಂಟದ ಮೇಲೆ ಕೈ ಹೋಯಿತು. (ಇನ್ನು ಮುಂದೆ ಅವರ ಮರಾಠಿಯನ್ನು ನನ್ನ ಕನ್ನಡದಲ್ಲಿ ಬರೆಯುತ್ತೇನೆ. ಖಾರ ಕೊಂಚ ಇಳಿದಿರುತ್ತದೆ.)

"ಇದು ವಾಳವಣದ ಜಾಗಾ."

ವಾಳವಣ ಅಂದರೆ ಬೇಸಿಗೆಯಲ್ಲಿ ಹಪ್ಪಳ, ಸಂಡಿಗೆ, ಕುರಡಯಿ ಒಣಗಿಸುವುದು. ನಮ್ಮ ಕುರಡಗಿಯೇ ಇಲ್ಲಿ ಕುರಡಯಿ. ಗೋಧಿಯ ಹಾಲು ಕಾಯಿಸಿ ಒತ್ತಿದ ಬಿಳಿಯ ಜಾಲಗಳು ನನ್ನ ಚೌಕದ ಪಕ್ಕದಲ್ಲೇ ಹಳೆಯ ಸೀರೆಯ ಮೇಲೆ ಒಣಗುತ್ತಿದ್ದವು. ಹದಿನೈದು ದಿನ ನಾನು ಅವನ್ನು ದಾಟಿಕೊಂಡೇ ಓಡಾಡಿದ್ದೆ.

"ಒಂದು ಮೂಲೆ ಸಾಕು ಕಾಕು," ಅಂದೆ.

"ಮೂಲೆ ಕೊಡತೇನಿ. ಆದರ ನಿನಗ ಉಪಯೋಗ ಇಲ್ಲ. ದೀಪಾವಳಿ ಆದ ಮ್ಯಾಲೆ ಇಲ್ಲೆ ಬಿಸಿಲ ಬರೂದಿಲ್ಲ."

ನಾನು ನೋಟ್‌ಬುಕ್ ತೆರೆದು ತೋರಿಸಿದೆ. ಕಾಕು ಅದನ್ನು ತಿರುಗಿಸಿಯೂ ನೋಡಲಿಲ್ಲ.

"ಹದಿನೈದ ದಿನ ಬರದಿ. ನಾನು ಹದಿನೆಂಟ ವರ್ಷದಿಂದ ಇಲ್ಲೆ ಒಣಗಸಾಕತ್ತೇನಿ. ಚಳಿಗಾಲದಾಗ ಗೋಧಡಿ ಎಲ್ಲಿ ಹಾಕತೇನಿ ಕೇಳು."

ಗೋಧಡಿ ಅಂದರೆ ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ ಹೊದಿಕೆ, ನಮ್ಮ ಕೌದಿ. ಅವರು ಗಚ್ಚಿಯ ತೆಂಕು ಅಂಚಿಗೆ, ರಸ್ತೆಯ ಬದಿಗೆ ಕೈ ಮಾಡಿದರು. ಬೇಸಿಗೆಯಲ್ಲಿ ಆ ಕಡೆ ಗಾಳಿ, ಧೂಳು. ಹಸಿ ಕುರಡಯಿಗೆ ಆಗಿಬರುವುದಿಲ್ಲ. ಚಳಿಗಾಲದಲ್ಲಿ ಮಾತ್ರ ಎಲ್ಲರ ಹಗ್ಗವೂ ಅಲ್ಲೇ.

ನನಗೆ ನಂಬಿಕೆ ಬರಲಿಲ್ಲ ಎಂಬುದನ್ನು ದಾಖಲಿಸಬೇಕು. ತನ್ನ ಜಾಗ ಉಳಿಸಿಕೊಳ್ಳಬೇಕಾದವರು ಕೊಟ್ಟ ಮಾಹಿತಿಯನ್ನು ಇನ್ನೊಂದು ಕಡೆಯಿಂದ ಪರಿಶೀಲಿಸದೆ ಡೆಸ್ಕು ಒಪ್ಪುವುದಿಲ್ಲ. ಆದರೆ ಏಪ್ರಿಲ್‌ನಲ್ಲಿ ನಿಂತು ಜನವರಿಯ ನೆರಳನ್ನು ಪರಿಶೀಲಿಸುವುದು ಹೇಗೆ?

"ಸಂಕ್ರಾಂತಿ ಹೊತ್ತಿನ್ಯಾಗ ಇಲ್ಲೆ ತಗದ ಫೋಟೋ ಅದಾವೇನು?" ಎಂದು ಕೇಳಿದೆ.

ಕಾಕುವಿನ ಮುಖ ಅರಳಿತು. ಐದು ನಿಮಿಷದಲ್ಲಿ ಆಲ್ಬಮ್ ಮೇಲೆ ಬಂತು. ಮೊಮ್ಮಗಳು ಪಿಂಕಿಯ ಬೋರನ್ಹಾಣದ ಫೋಟೋಗಳು. ಸಂಕ್ರಾಂತಿಯ ಹೊತ್ತಿಗೆ ಕೂಸಿನ ತಲೆಯ ಮೇಲೆ ಬೋರೆಹಣ್ಣು, ಚುರುಮುರಿ ಸುರಿಯುವ ಶಾಸ್ತ್ರ. ಸುದ್ದಿಮನೆಯಲ್ಲಿ ಫೋಟೋ ಯಾವ ಹೊತ್ತಿನದೆಂದು ತಿಳಿಯಲು ಮೊದಲು ನೆರಳು ನೋಡುತ್ತೇವೆ. ಇಲ್ಲಿ ನೋಡಲು ಕಷ್ಟಪಡಬೇಕಾಗಿರಲಿಲ್ಲ. ಕೂಸು, ತಾಯಿ, ಎಂಟು ಹೆಂಗಸರು, ಎಲ್ಲರೂ ಮೆಟ್ಟಿಲಿನ ಕೋಣೆಯ ಬಡಗು ಬದಿಯಲ್ಲಿ, ನನ್ನ ಚೌಕದ ಮೇಲೆಯೇ, ನೆರಳಿನಲ್ಲಿ ಕೂತಿದ್ದರು. ಅವರ ಹಿಂದೆ ಟಾಕಿಯ ಗುಂಡು ನೆರಳು ಗಚ್ಚಿಯ ಮೇಲೆ ಉದ್ದಕ್ಕೆ ಮಲಗಿತ್ತು.

"ಎಷ್ಟ ಹೊತ್ತಿಗೆ?"

"ಹನ್ನೆರಡು. ಪಿಂಕಿ ಮಲಗೂಕಿಂತ ಮೊದಲ ಮುಗಸಿದ್ವಿ. ಬಿಸಿಲ ಬ್ಯಾಡ ಅಂತನ ಅಲ್ಲೆ ಕುಂತಿದ್ವಿ."

ಏಪ್ರಿಲ್‌ನಲ್ಲಿ ಸೂರ್ಯ ನೆತ್ತಿಯ ಮೇಲೆಯೇ ಹಾದುಹೋಗುತ್ತಾನೆ, ಬಡಗು ಬದಿಗೂ ಬಿಸಿಲು. ಚಳಿಗಾಲದಲ್ಲಿ ತೆಂಕಿಗೆ ಸರಿದು ಓರೆಯಾಗುತ್ತಾನೆ, ಕೋಣೆ ಮತ್ತು ಟಾಕಿಯ ನೆರಳು ಬಡಗಿಗೆ ಚಾಚುತ್ತದೆ. ಶಾಲೆಯಲ್ಲಿ ಓದಿದ್ದು. ಮೇಲೆ ಬಿಸಿಲಿನಲ್ಲಿ ನಿಂತಾಗ ನೆನಪಾಗಲಿಲ್ಲ. ಎಲ್ಲರೂ ಒಣಗಿಸುವ ಕಡೆ ಬಿಸಿಲು ಹೆಚ್ಚೆಂದು ನಾನು ತೀರ್ಮಾನಿಸಿದ್ದೆ. ಎಲ್ಲರೂ ಅಲ್ಲಿ ಒಣಗಿಸುತ್ತಿದ್ದುದು ಅದು ಏಪ್ರಿಲ್ ಆಗಿದ್ದರಿಂದ.

ಮಲ್ಲಪ್ಪಣ್ಣನನ್ನು ಮತ್ತೆ ಕರೆಸಿದೆ. ಕಾಕು ಅವರಿಗೂ ಪಾಠ ಮಾಡಿದರು. ಕುರಡಯಿ ಬೇಸಿಗೆಯಲ್ಲಿ ಒಂದು ದಿನಕ್ಕೆ ಒಣಗುತ್ತದೆ. ದೀಪಾವಳಿ ಆದ ಮೇಲೆ ಅದೇ ಕುರಡಯಿಗೆ ಒಂದೂವರೆ ದಿನ. ಆಷಾಢದಲ್ಲಿ ಟವೆಲ್ಲಿಗೇ ಮೂರು ದಿನ, ಅದೂ ವಾಸನೆ ಹೊಡೆಯುತ್ತದೆ. ಘಟ್ಟದ ಮೋಡ ನೇರ ನಮ್ಮ ತಲೆಯ ಮೇಲೆ.

ಮಲ್ಲಪ್ಪಣ್ಣ ಕಾಗದದ ಮೇಲೆ ಗೀಚಿ ನಕ್ಕರು. "ಅಕ್ಕಾರ, ನಾವು ಬ್ಯಾಸಿಗಿ ಹಿಡದು ಲೆಕ್ಕಾ ಹಾಕಿದ್ವಿ. ತಪ್ಪು ನಂದೂ ಅದ. ಮಳಿ ಹಿಡದು ಹಾಕಬೇಕು. ಬ್ಯಾಸಿಗ್ಯಾಗ ಒಂದು ಸಾಕು, ಥಂಡ್ಯಾಗ ಎರಡು ಬೇಕು, ಆಷಾಢದಾಗ ಪೂರ್ಣ ಬಿಸಿಲು ಎರಡ ತಾಸು ಸಿಕ್ಕರ ಪುಣ್ಯಾ. ಮೂರು."

"ಮೂರೂ ತೆಂಕಿಗೆ, ಗೋಧಡಿ ಜಾಗಾಕ್ಕ," ಅಂದರು ಕಾಕು. "ಆದರ ಒಂದು ಷರತ್ತು. ನಾನು ಬಗ್ಗದ ಅದರ ಕೆಳಗ ಅಡ್ಡಾಡಬೇಕು. ಹಗ್ಗಾ ಕಟ್ಟಾಕ ಅದಕ್ಕ ಕೊಂಡಿ ಇರಬೇಕು."

"ಏನ್ರಿ ಇದು, ಮಂಟಪಾ ಕಟ್ಟಬೇಕೇನು?" ಎಂದು ಮಲ್ಲಪ್ಪಣ್ಣ ಕನ್ನಡದಲ್ಲಿ ಗೊಣಗಿದರು. ಎತ್ತರ ಹೆಚ್ಚಿದಷ್ಟೂ ಗಾಳಿ ಹಿಡಿಯುತ್ತದೆ, ಕಾಲು ದಪ್ಪ ಬೇಕು, ಬೋಲ್ಟು ಆಳಕ್ಕೆ ಹೋಗಬೇಕು. ಕಾಕುಗೆ ಕನ್ನಡ ಬರುವುದಿಲ್ಲ, ಗೊಣಗಾಟ ಬರುತ್ತದೆ. ಟೇಪು ಕೊಟ್ಟು ತಮ್ಮ ಎತ್ತರ ಅಳೆಸಿದರು. ಅದರ ಮೇಲೆ ಒಂದು ಗೇಣು ಸೇರಿಸಿದರು. "ನನ್ನ ಅಂಬಾಡಾಕ್ಕ," ಅಂದರು. ಅಂಬಾಡಾ ಅಂದರೆ ತುರುಬು. ಮೇ ಕೊನೆಯ ವಾರ ಮೂರು ಪ್ಯಾನೆಲ್ಲುಗಳು ಕಾಕುವಿನ ತುರುಬಿನ ಎತ್ತರದಲ್ಲಿ ತೆಂಕಿಗೆ ಮುಖ ಮಾಡಿ ನಿಂತವು. ಹಗ್ಗದ ಕೊಂಡಿಗಳು ಹಿಂಬದಿಗೆ, ಗೋಧಡಿಯ ನೆರಳು ಪ್ಯಾನೆಲ್ಲಿನ ಮೇಲೆ ಬೀಳದ ಹಾಗೆ.

ಪರೀಕ್ಷೆ ಬಂದದ್ದು ಆಷಾಢದ ಕೊನೆಯ ದಿನ, ಗುರುವಾರವೇ. ಬುಧವಾರ ಮಧ್ಯಾಹ್ನ ಮಳೆಗೆ ಎಲ್ಲೋ ತಂತಿ ಬಿದ್ದು ಕರೆಂಟು ಹೋಗಿತ್ತು. ಬೆಳಿಗ್ಗೆ ಎಂಟಕ್ಕೆ ಬಂದು ಒಂದು ತಾಸು ಇದ್ದು, ಒಂಬತ್ತಕ್ಕೆ ಮತ್ತೆ ಹೋಯಿತು. ಬ್ಯಾಟರಿಯ ನಾಲ್ಕು ಹಸಿರು ಗೆರೆಗಳಲ್ಲಿ ಮೂರು ಮಾತ್ರ ಉರಿಯುತ್ತಿದ್ದವು. ಎರಡಕ್ಕಿಂತ ಕೆಳಗೆ ಇಳಿಸಬಾರದೆಂಬುದು ಮಲ್ಲಪ್ಪಣ್ಣನ ಕಟ್ಟಪ್ಪಣೆ. ಹೊರಗೆ ಆಕಾಶವೆಂಬುದೇ ಇರಲಿಲ್ಲ, ಬೂದು ಬಣ್ಣದ ಒದ್ದೆ ಬಟ್ಟೆ ಅಷ್ಟೆ.

ಫ್ಯಾನು ಆರಿಸಿದೆ. ದೀಪ ಆರಿಸಿದೆ. ರಜೆಯಲ್ಲಿದ್ದ ನಮ್ಮ ಮನೆಯವರು ಆರಿದ ಟೀವಿಯ ಕಡೆ ಆಸೆಯಿಂದ ನೋಡಿದರು; ಅಂದು ಕ್ರಿಕೆಟ್ ಇತ್ತು.

"ಬರೇ ಸ್ಕೋರ್ ನೋಡತೇನಿ."

"ಟೀವಿ ಹಚ್ಚಿದ್ರ ಪುಟಾ ಹುಬ್ಬಳ್ಳಿಗೆ ಹೋತು ಅಂತ ತಿಳೀರಿ, ಕಾಯಂ."

ಅವರು ಕೊಡೆ ತೆಗೆದುಕೊಂಡು ಗಚ್ಚಿಗೆ ಹೋದರು. ಹತ್ತು ನಿಮಿಷಕ್ಕೊಮ್ಮೆ ಮೆಟ್ಟಿಲ ಮೇಲಿಂದ ಆಕಾಶದ ವರದಿ: "ಕಾರ್ಲಾ ಕಡೆ ಭಾಳ ಕರ್ರಗದ!" "ಸ್ವಲ್ಪ ತೆಳ್ಳಗಾತು!" "ಮತ್ತ ಬಂತು!"

ಇಳಕಲ್ಲಿನ ಶಿಕ್ಷಕಿಯೊಬ್ಬರ ಬರಹ ತಿದ್ದುತ್ತಿದ್ದೆ. ಹನ್ನೊಂದಕ್ಕೆ ಕಾಕು ತಟ್ಟೆ ಹಿಡಿದು ಒಳಗೆ ಬಂದರು. ಅಂದು ಅಮಾವಾಸ್ಯೆ. ನಮ್ಮ ಕಡೆ ನಾಗರ ಅಮಾವಾಸ್ಯೆ. ಇಲ್ಲಿ ಅದು ದೀಪದ ಅಮಾವಾಸ್ಯೆ, ಮನೆಯ ಎಲ್ಲ ದೀಪಗಳನ್ನೂ ತೊಳೆದು ಬೆಳಗಿ ಪೂಜಿಸುವ ದಿನ. ತಟ್ಟೆಯಲ್ಲಿ ಗೋಧಿಹಿಟ್ಟು, ಬೆಲ್ಲ ಕಲಸಿ ಆವಿಯಲ್ಲಿ ಬೇಯಿಸಿದ ಪುಟ್ಟ ಹಣತೆಗಳಿದ್ದವು, ಮೇಲೆ ತುಪ್ಪ.

"ನಿಮ್ಮ ಮನಿ ದೀಪಾ ಎಲ್ಲಿ?"

ದೇವರ ಮುಂದಿನ ಸಮೆ ತೋರಿಸಿದೆ. ಅದಕ್ಕೆ ಅರಿಸಿನ ಕುಂಕುಮ ಹಚ್ಚಿ, ಕಾಕು ನಿಲ್ಲಲಿಲ್ಲ. ಬ್ಯಾಟರಿಗಳ ಬಳಿ ಹೋಗಿ, ಎರಡಕ್ಕೂ ಒಂದೊಂದು ಬೊಟ್ಟಿಟ್ಟು, ಇನ್ವರ್ಟರಿನ ಹಣೆಗೂ ಒಂದಿಟ್ಟರು. "ಇದೂ ದೀಪನ ಅಲ್ಲೇನು?" ಆಮೇಲೆ ಅದರ ಪಕ್ಕದಲ್ಲಿ ಮಿನುಗುತ್ತಿದ್ದ ಅಂಕಿಗೆ ಬೆರಳು ತೋರಿಸಿದರು. "ಇದೇನು ಬರಕೊಂಡದ?"

ಪ್ಯಾನೆಲ್ಲಿನಿಂದ ಬರುತ್ತಿರುವ ವ್ಯಾಟು. ನೂರ ಇಪ್ಪತ್ತು.

ಬೆಳಗಿನಿಂದ ನಾನು ಗೆರೆ ಇಳಿಯುತ್ತದೆಯೇ ಎಂದಷ್ಟೇ ನೋಡಿದ್ದೆ, ಇದನ್ನು ನೋಡಿರಲಿಲ್ಲ. ಮೋಡದ ಕೆಳಗೂ ನೂರ ಇಪ್ಪತ್ತು. ಲ್ಯಾಪ್‌ಟಾಪು, ಇಂಟರ್ನೆಟ್ಟು ಸೇರಿ ತಿನ್ನುತ್ತಿದ್ದುದು ಎಪ್ಪತ್ತು. ಬರುವುದು ಹೋಗುವುದಕ್ಕಿಂತ ಹೆಚ್ಚಿತ್ತು. ನನ್ನ ಏಪ್ರಿಲ್‌ನ ಒಂದೇ ಪ್ಯಾನೆಲ್ ಇದ್ದಿದ್ದರೆ ನಲವತ್ತು ಬರುತ್ತಿತ್ತು, ಮೂರನೆಯ ಸಲವೂ ಪುಟ ತಡವಾಗುವ ದಾರಿ ಅದು.

"ಸಾಕಾಗ್ತದ," ಅಂದೆ. ನನಗೇ ಕೇಳುವಷ್ಟು ಗಟ್ಟಿಯಾಗಿ.

"ಸಾಕಾಗದ ಏನು? ಮೂರು ಹೇಳಿದಾಕಿ ನಾನು," ಎಂದು ಕಾಕು ಬೆಲ್ಲದ ಹಣತೆಯೊಂದನ್ನು ನನ್ನ ಬಾಯಿಗೇ ತುರುಕಿದರು.

ಮೂರು ನಲವತ್ತಕ್ಕೆ ಪುಟ ಹೋಯಿತು. ಗೆರೆಗಳು ಮೂರೇ ಇದ್ದವು. ದೇಸಾಯಿ ಸರ್ ಫೋನ್ ಬಂತು.

"ಪುಟ ಬಂತು. ಇವತ್ತ ಅಲ್ಲೆ ಲೈಟ್ ಇತ್ತೇನು?"

"ಇಲ್ರಿ ಸರ್. ಬಿಸಿಲೂ ಇರಲಿಲ್ಲ."

"ಮತ್ತ ಹೆಂಗ ಬಂತು?"

"ಕೌದಿ ಒಣಗೂ ಜಾಗಾದಾಗ ಮೂರು ಪ್ಯಾನೆಲ್ ಹಾಕೇವ್ರಿ."

"ಅದನ್ನ ಬರೀರಿ," ಅಂದರು. ಅವರು ಹೊಗಳುವ ರೀತಿಯೇ ಅದು.

ಆ ಸಂಜೆ ನಮ್ಮ ಮನೆಯವರು ಮೂರನೆಯ ಗೆರೆ ಖರ್ಚು ಮಾಡಿ, ಕರೆಂಟು ಬರುವ ಮೊದಲೇ ಕ್ರಿಕೆಟ್ಟಿನ ಕೊನೆಯ ಓವರುಗಳನ್ನು ನೋಡಿದರು. ಕಟ್ಟಡದ ಗಂಡಸರೆಲ್ಲ ನಮ್ಮ ಮನೆಯಲ್ಲಿದ್ದರು. ಆರು ತಿಂಗಳಲ್ಲಿ ಮೊದಲ ಸಲ ನಮ್ಮ ಬಾಗಿಲ ಹೊರಗೆ ಚಪ್ಪಲಿ ಇಡಲು ಜಾಗ ಸಾಲಲಿಲ್ಲ.

ಜನವರಿಯಲ್ಲಿ, ಒಂದು ಮಧ್ಯಾಹ್ನ ಹನ್ನೆರಡಕ್ಕೆ, ಗಚ್ಚಿಗೆ ಹೋದೆ. ಏಪ್ರಿಲ್‌ನ ಸುಣ್ಣದ ಚೌಕ ಮಳೆಗೆ ಹೆಚ್ಚುಕಡಿಮೆ ಅಳಿಸಿತ್ತು. ಉಳಿದದ್ದರ ಮೇಲೆ ಟಾಕಿಯ ನೆರಳು ಪೂರ್ತಿ ಕೂತಿತ್ತು, ಆಲ್ಬಮ್ಮಿನಲ್ಲಿ ಇದ್ದ ಹಾಗೆಯೇ. ತೆಂಕು ಅಂಚಿನಲ್ಲಿ ಪ್ಯಾನೆಲ್ಲುಗಳು ಬಿಸಿಲು ಕಾಯುತ್ತಿದ್ದವು. ಅವುಗಳ ಹಿಂದಿನ ಹಗ್ಗದ ಮೇಲೆ ಕಾಕುವಿನ ಎರಡು ಗೋಧಡಿ, ನನ್ನ ತಾಯಿ ಹೊಲಿದ ಒಂದು ಕೌದಿ. ಕಾಕು ಹೊಲಿಗೆಯನ್ನು ಬೆರಳಿನಿಂದ ಪರೀಕ್ಷಿಸಿ, ನಿಮ್ಮವರ ಹೊಲಿಗೆ ಸಣ್ಣದು, ನಮ್ಮದು ಗಟ್ಟಿ, ಎಂದು ತೀರ್ಪು ಕೊಟ್ಟರು. ಮಾರುಕಟ್ಟೆಯ ತರಕಾರಿಯವಳು ಈಗ ನನ್ನನ್ನು "ಸೋಲಾಪುರದವರಾ?" ಎಂದು ಕೇಳುತ್ತಾಳೆ. ಹುಬ್ಬಳ್ಳಿಯಿಂದ ಹೊರಟ ನನ್ನ ಮರಾಠಿ ಅರ್ಧ ದಾರಿಗಿಂತ ಹೆಚ್ಚು ಬಂದಿದೆ ಎಂದು ಇದರ ಅರ್ಥ.

ಈಗ ಮತ್ತೆ ಏಪ್ರಿಲ್. ಇದನ್ನು ಬರೆಯುತ್ತಿರುವುದು ಹುಬ್ಬಳ್ಳಿಯಲ್ಲಿ, ಅಣ್ಣನ ಮನೆಯಲ್ಲಿ, ಗುರುವಾರ. ನಿನ್ನೆ ಅಣ್ಣನ ಹೆಂಡತಿ, ನಮ್ಮ ವೈನಿ, ಮಾಳಿಗೆಯ ಮೇಲೆ ಕುರಡಗಿ ಒತ್ತುತ್ತಿದ್ದಾಗ ನಾನು ಟಾಕಿಯ ಸುತ್ತ ಒಂದು ಸುತ್ತು ಹಾಕಿ, ಈ ಕಡೆ ಚಳಿಗಾಲದಲ್ಲಿ ನೆರಳು ಬೀಳುತ್ತದೆ ಎಂದೆ.

"ನಿಮ್ಮ ಪುಣೆದಾಗ ಹಂಗಿರಬೇಕು," ಅಂದರು ವೈನಿ.

ಇಂದು ಬೆಳಿಗ್ಗೆ ಒಂಬತ್ತಕ್ಕೆ ಐದು ನಿಮಿಷ ಇರುವಾಗ ಕಡತ ಉಳಿಸಿ, ಕೈ ಕಟ್ಟಿ ಕೂತು ಫ್ಯಾನು ನೋಡಿದೆ. ಒಂಬತ್ತಾಯಿತು. ಫ್ಯಾನು ತಿರುಗುತ್ತಲೇ ಇತ್ತು. ಅದು ನಿಲ್ಲದಿರುವುದು ಒಂದು ಕ್ಷಣ ನನಗೆ ವಿಚಿತ್ರವೆನಿಸಿತು. ಕಾಕುಗೆ ಫೋನ್ ಮಾಡಿದೆ.

"ಲೈಟ್ ಗೇಲೀ ಕಾ?" ಕರೆಂಟು ಹೋಯಿತೇ?

"ಗೇಲೀ," ಅಂದರು ಕಾಕು, ಸಂತೋಷದಿಂದ. ನನ್ನ ಪ್ಯಾನೆಲ್ಲುಗಳ ಧೂಳು ಒರೆಸಿದ್ದಾರಂತೆ. ಅವುಗಳ ಕೆಳಗಿನ ನೆರಳಿನಲ್ಲಿ ಕೂತು ಕುರಡಯಿ ಕಾಯುವುದು ಆರಾಮವಂತೆ. ನಮ್ಮ ಮನೆಯವರು ಟೀವಿ ಹಚ್ಚಿಕೊಂಡು ಕೂತಿದ್ದಾರಂತೆ. ಕೊನೆಗೆ, "ಘರೀ ಕಧೀ ಯೇಣಾರ?" ಮನೆಗೆ ಯಾವಾಗ ಬರುವುದು?

"ರವಿವಾರೀ," ಅಂದೆ. ಯೋಚಿಸಲಿಲ್ಲ.

ಬರಹದ ತಲೆಯಲ್ಲಿ ಊರಿನ ಹೆಸರು ಹಾಕಬೇಕೆಂಬುದು ನಮ್ಮ ಡೆಸ್ಕಿನ ನಿಯಮ. ಹಾಕದೆ ಕಳಿಸಿದವರಿಗೆ ಹನ್ನೆರಡು ವರ್ಷ ನಾನು ವಾಪಸು ಕಳಿಸಿದ್ದೇನೆ. ಮೊದಲು ತಳೇಗಾಂವ ಎಂದು ಬರೆದೆ. ಕೂತಿರುವುದು ಹುಬ್ಬಳ್ಳಿಯಲ್ಲಿ, ಹೊಡೆದುಹಾಕಿದೆ. ಹುಬ್ಬಳ್ಳಿ ಎಂದು ಬರೆದೆ. ಬಿಸಿಲು, ದೀಪ, ಬೆಲ್ಲದ ಹಣತೆ, ಯಾವುದೂ ಇಲ್ಲಿಯದಲ್ಲ, ಅದನ್ನೂ ಹೊಡೆದುಹಾಕಿದೆ. ನಾಲ್ಕಕ್ಕೆ ಇನ್ನು ಇಪ್ಪತ್ತು ನಿಮಿಷ ಇದೆ. ಜಾಗ ಖಾಲಿ ಬಿಟ್ಟು ಕಳಿಸುತ್ತಿದ್ದೇನೆ. ದೇಸಾಯಿ ಸರ್ ಫೋನ್ ಮಾಡುತ್ತಾರೆ, ಗೊತ್ತು. ಪುಟ ಮಾತ್ರ ತಡವಾಗಿಲ್ಲ.